ಅಧ್ಯಕ್ಷರ ಕಿವಿ

2020ರಲ್ಲಿ ನಾನು ಆಮ್‌ಸ್ಟರ್‌ಡ್ಯಾಮಿನ ಒಂದು ಶ್ರವಣ ಚಿಕಿತ್ಸಾ ಕೇಂದ್ರದಲ್ಲಿ ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯಾಲಜಿಸ್ಟ್ ಎಂದರೆ ಕಿವಿಯ ಡಾಕ್ಟರ್ ಅಲ್ಲ. ಕಿವಿಗೆ ಎಷ್ಟು ಕೇಳಿಸುತ್ತದೆ, ಎಷ್ಟು ಕೇಳಿಸುವುದಿಲ್ಲ ಎಂದು ಅಳೆದು, ಹಿಯರಿಂಗ್ ಏಡ್ ಹೊಂದಿಸಿ ಕೊಡುವವರು. ಇದನ್ನು ಗದಗಿನ ನನ್ನ ನೆಂಟರಿಗೆ ಇಪ್ಪತ್ತು ವರ್ಷ ವಿವರಿಸಿ ಸೋತಿದ್ದೇನೆ. ಅವರ ಪಾಲಿಗೆ ನಾನು ಇವತ್ತಿಗೂ ‘ಕಿವಿ ಡಾಕ್ಟರು’.

ಕೋವಿಡ್ ಬಂದು ನಮ್ಮ ಹೊರರೋಗಿ ವಿಭಾಗ ಮುಚ್ಚಿದ ಮೇಲೆ, ವೃದ್ಧರ ಆರೈಕೆ ಮನೆಗಳಿಗೆ ನಾವೇ ಹೋಗಿ ಬರುವ ವ್ಯವಸ್ಥೆಯಾಯಿತು. ನನ್ನ ಪಾಲಿಗೆ ಬಂದದ್ದು ಬೈಟನ್‌ವೆಲ್ಡರ್ಟ್ ಬಡಾವಣೆ. ಆಮ್ಸ್ಟೆಲ್‌ವೀನಿನ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಕಾಲು ಗಂಟೆ. ಹಿಂದಿನ ಚೀಲದಲ್ಲಿ ಆಡಿಯೊಮೀಟರ್, ಅಂದರೆ ಬೇರೆ ಬೇರೆ ಸ್ವರಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿ ಕಿವಿಯನ್ನು ಅಳೆಯುವ ಯಂತ್ರ. ಮುಂದಿನ ಬುಟ್ಟಿಯಲ್ಲಿ ಮಾಸ್ಕು, ಕೈಗವಸು. ಮನೆಯಲ್ಲಿ ಅವ್ವ ಇದ್ದಳು. ಮೂರು ತಿಂಗಳಿಗೆಂದು ಬಂದವಳು ವಿಮಾನ ನಿಂತು ಇಲ್ಲೇ ಉಳಿದಿದ್ದಳು. ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಈ ದೇಶವನ್ನು ಕ್ಷಮಿಸಿದ್ದಳು.

ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಒಂದು ಆರೈಕೆ ಮನೆಯ ವೈದ್ಯೆ ಮರೈಕೆ ಫೋನ್ ಮಾಡಿದರು. ಎಂಬತ್ತನಾಲ್ಕು ವರ್ಷದ ಇಂಗ್ಲಿಷ್ ರೋಗಿ, ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ವೇಗವಾಗಿ ಹೆಚ್ಚುತ್ತಿದೆ ಎಂದರು. ಬೇಸಿಗೆಯವರೆಗೆ ಒಂದಿಷ್ಟು ಚೆನ್ನಾಗಿದ್ದರು, ಈಗ ಕೇಳಿದ್ದಕ್ಕೂ ಹೇಳುವುದಕ್ಕೂ ಸಂಬಂಧವೇ ಇಲ್ಲ. ಈಗ ಯಾವ ತಿಂಗಳು ಎಂದರೆ ‘ಹೌದು, ಸ್ವಲ್ಪ ಹಾಲು ಹಾಕಿ’ ಎನ್ನುತ್ತಾರೆ. ಜ್ಞಾಪಕಶಕ್ತಿಯ ಪರೀಕ್ಷೆಯಲ್ಲಿ ಮೂವತ್ತಕ್ಕೆ ಹನ್ನೊಂದು ಅಂಕ. ಬೀಗ ಹಾಕಿದ ಡಿಮೆನ್ಷಿಯಾ ವಾರ್ಡಿಗೆ ಸೇರಿಸಲು ಅರ್ಜಿ ಹೋಗಿದೆ. ಇನ್ನು ಹತ್ತು ದಿನಕ್ಕೆ ನ್ಯಾಯಾಧೀಶರು ರೋಗಿಯನ್ನು ಫೋನಿನಲ್ಲಿ ವಿಚಾರಿಸುತ್ತಾರೆ.

“ಹಿಯರಿಂಗ್ ಏಡ್ ಕೆಲಸ ಮಾಡ್ತಿದೆಯಾ ಅಂತ ಒಮ್ಮೆ ನೋಡಿಬಿಡಿ,” ಎಂದರು. “ಬರೀ ಫಾರ್ಮಾಲಿಟಿ. ಮಗಳೊಬ್ಬಳು ಒಪ್ತಿಲ್ಲ. ಕಿಟಕಿಯಾಚೆ ನಿಂತು ಮಾತಾಡಿಸಿದರೆ ಅಪ್ಪ ಸರಿಯಾಗೇ ಇರ್ತಾರೆ ಅಂತಾಳೆ. ಪಾಪ, ಮಕ್ಕಳಿಗೆ ಒಪ್ಪಿಕೊಳ್ಳೋದು ಕಷ್ಟ.”

ರೋಗಿಯ ಹೆಸರು ಹೇಳುವುದು ವೃತ್ತಿಧರ್ಮವಲ್ಲ. ಇಲ್ಲಿ ಲಾರ್ಡ್ ವೆಂಡಲ್ ಎನ್ನೋಣ. ಲಾರ್ಡ್ ಎಂಬುದು ನಿಜ. ಇಂಗ್ಲೆಂಡಿನ ಪೂರ್ವದ ತಗ್ಗು ಪ್ರದೇಶದ ವಂಶಪಾರಂಪರ್ಯ ಶ್ರೀಮಂತರು. ಹೊಲಗಳಿಂದ ನೀರು ಹೊರಹಾಕುವ ಮಂಡಳಿಗೆ ಅಧ್ಯಕ್ಷರು, ಜಿಲ್ಲಾ ಕೌನ್ಸಿಲ್ಲಿಗೆ ಅಧ್ಯಕ್ಷರು, ಜಿಲ್ಲೆಗೆ ರಾಣಿಯ ಪ್ರತಿನಿಧಿ, ಮೂವತ್ತು ವರ್ಷ ಸಂಬಳವಿಲ್ಲದ ಮ್ಯಾಜಿಸ್ಟ್ರೇಟ್. 1999ರಲ್ಲಿ ಕಾನೂನು ಬದಲಾಗಿ ಅವರಂಥವರ ಪೀಠ ಹೋಗುವವರೆಗೂ ಹೌಸ್ ಆಫ್ ಲಾರ್ಡ್ಸ್ ಸದಸ್ಯರು. ಹೆಂಡತಿ ಡಚ್ಚರು. ಆಕೆ ತೀರಿಕೊಂಡ ಮೇಲೆ, ಪಕ್ಕದ ಕಚೇರಿಗಳ ಬಡಾವಣೆ ಜ಼ೌಡಾಸ್‌ನಲ್ಲಿ ವಕೀಲೆಯಾಗಿದ್ದ ಮಗಳು ಹೆಲೆನ್ ಅಪ್ಪನನ್ನು ತನ್ನ ಮನೆಯ ಹತ್ತಿರ ತಂದಿರಿಸಿದ್ದಳು.

ನಾನು ಕೋಣೆಗೆ ಹೋದಾಗ ಅವರು ಕಷ್ಟಪಟ್ಟು ಎದ್ದು ನಿಂತರು. ಮನೆಯೊಳಗೇ ಟೈ ಕಟ್ಟಿದ್ದರು. ನಾನು ಹೆಸರು, ಕೆಲಸ ಹೇಳಿದೆ. “ಎಂಥ ಒಳ್ಳೆಯ ಸುದ್ದಿ,” ಎಂದು ನಕ್ಕರು. ನಿದ್ದೆ ಬರುತ್ತದೆಯೇ ಎಂದು ಕೇಳಿದೆ. “ಇಬ್ಬರು, ಇಬ್ಬರೂ ನೌಕಾಪಡೆಯಲ್ಲಿದ್ದರು,” ಎಂದರು. ಮರೈಕೆ ಹೇಳಿದ್ದು ಸರಿಯೇ ಇರಬೇಕು ಎನ್ನಿಸಿತು. ಇಲ್ಲಿಗೆ ಬಂದಾಗ ವಯಸ್ಸಿಗೆ ಸಹಜವಾದ ಮಂದಗಿವಿಗೆಂದು ಕೊಟ್ಟಿದ್ದ ಹಿಯರಿಂಗ್ ಏಡ್ ಮೇಜಿನ ಡ್ರಾಯರಿನಲ್ಲಿತ್ತು. ಬ್ಯಾಟರಿಯ ಮೇಲಿನ ಸ್ಟಿಕರ್ ಸಹ ಕಿತ್ತಿರಲಿಲ್ಲ. ಅಂದರೆ ಒಂದು ದಿನವೂ ಹಾಕಿಕೊಂಡವರಲ್ಲ.

ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಬೇಕೆಂದು ಸನ್ನೆ ಮಾಡಿ ತೋರಿಸಿದೆ. ಗುಂಡಿ ಒತ್ತಿದೆ. ಬೆರಳು ಎತ್ತಿದರು. ಸದ್ದು ಇಳಿಸಿದೆ. ಮತ್ತೆ ಎತ್ತಿದರು. ಇನ್ನೂ ಇಳಿಸಿದೆ, ಇಪ್ಪತ್ತರ ಹುಡುಗರಿಗೂ ಕಷ್ಟವಾಗುವ ಮಟ್ಟಕ್ಕೆ ತಂದೆ. ಬೆರಳು ಟಪ್ಪೆಂದು ಮೇಲಕ್ಕೆ! ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅಂಥ ಕಿವಿ ದೇವರಿಗೂ ಇರಲಿಕ್ಕಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತಿದೆಯಲ್ಲ, ನಾನು ಯಂತ್ರವನ್ನೇ ಆಫ್ ಮಾಡಿ ಸುಮ್ಮನೆ ಗುಂಡಿ ಒತ್ತಿದೆ. ಆಗಲೂ ಬೆರಳು ಮೇಲಕ್ಕೆ ಹೋಯಿತು.

ನನಗೆ ನಗು ಬಂತು, ಮರುಕ್ಷಣ ಅರ್ಥವಾಯಿತು. ಅವರು ಸದ್ದು ಕೇಳುತ್ತಿರಲಿಲ್ಲ; ನನ್ನ ಭುಜ, ನನ್ನ ಕಣ್ಣು ನೋಡುತ್ತಿದ್ದರು. ತಿಂಗಳು ಯಾವುದೆಂದು ತಿಳಿಯದ ಮನುಷ್ಯನಿಗೆ ಇಷ್ಟು ನಾಜೂಕಾಗಿ ಮೋಸ ಮಾಡಲು ಬರುವುದಿಲ್ಲ. ಅವರನ್ನು ನನಗೆ ಬೆನ್ನು ಮಾಡಿ ಕೂರಿಸಿ ಪರೀಕ್ಷೆ ಮಾಡಿದೆ. ಈಗ ಬೆರಳು ಏಳುವುದೇ ಅಪರೂಪವಾಯಿತು. ದಪ್ಪ ಸ್ವರಗಳು ಅಲ್ಪಸ್ವಲ್ಪ. ಸ, ತ, ಫ ಮುಂತಾದ ಅಕ್ಷರಗಳು ಬದುಕುವ ತೆಳು ಸ್ವರಗಳ ಕಡೆ ಪೂರ್ತಿ ಮೌನ. ಇಂಥ ಕಿವಿಗೆ ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ.

ಮಗಳ ಮಾತು ನೆನಪಾಯಿತು. ಹೊರಗೆ ಹೋಗಿ, ತೋಟ ಸುತ್ತಿ, ಅವರ ಕಿಟಕಿಯ ಮುಂದೆ ನಿಂತು ಮಾಸ್ಕ್ ತೆಗೆದೆ. ಮೇಲಿನ ಗಾಜು ಒಂದು ಗೇಣು ತೆರೆದಿತ್ತು. ದನಿಯಿಲ್ಲದೆ ತುಟಿ ಮಾತ್ರ ಆಡಿಸಿ ಇಂಗ್ಲಿಷಿನಲ್ಲಿ ಕೇಳಿದೆ: “ಇದು ಯಾವ ತಿಂಗಳು, ಸರ್?”

ಅವರ ಮುಖ ಬಿಳಚಿಕೊಂಡಿತು. “ಅಕ್ಟೋಬರ್. ಗುರುವಾರ,” ಎಂದರು. ಆಮೇಲೆ, “ನೀವು ಬಹಳ ಚುರುಕು, ಮೇಡಂ. ಅರವತ್ತು ವರ್ಷದಲ್ಲಿ ನನ್ನನ್ನು ಹಿಡಿದವರು ನೀವು ಎರಡನೆಯವರು.”

ಮೊದಲನೆಯವರು ಅವರ ಹೆಂಡತಿ. ಗಾಜಿನ ಎರಡು ಬದಿ ನಿಂತು ಅರ್ಧ ಗಂಟೆ ಮಾತಾಡಿದೆವು. ಹದಿನೆಂಟನೆಯ ವಯಸ್ಸಿಗೆ ಕಡ್ಡಾಯ ಸೈನ್ಯಸೇವೆ, ಫಿರಂಗಿ ದಳ. ಎರಡು ವರ್ಷದಲ್ಲಿ ಕಿವಿ ಹಾಳಾಯಿತು. ತುಟಿ ನೋಡಿ ಮಾತು ತಿಳಿಯುವುದನ್ನು ತಾವೇ ಕಲಿತರು. ಅಪ್ಪ ತೀರಿಹೋಗಿ ಪದವಿಗಳು ಹೆಗಲೇರಿದಾಗ ಭಯವಾಯಿತಂತೆ. ಮೊದಲ ಸಭೆಯಲ್ಲೇ ಗೊತ್ತಾಯಿತು, ಕಿವುಡನಿಗೆ ಊರಿನಲ್ಲಿ ಅಧ್ಯಕ್ಷನ ಕುರ್ಚಿಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ.

“ಎಲ್ಲರೂ ನನ್ನ ಕಡೆ ಮುಖ ಮಾಡಿಯೇ ಮಾತಾಡಬೇಕು. ಒಬ್ಬೊಬ್ಬರಾಗಿ ಎದ್ದು ನಿಂತು ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಬೈಯುವ ಹಕ್ಕು ನನ್ನದು. ಬೇರೆಯವರು ಅಧಿಕಾರಕ್ಕೆ ಆ ಕುರ್ಚಿ ಬಯಸುತ್ತಾರೆ. ನಾನು ಮುಖಗಳಿಗಾಗಿ ಬಯಸಿದೆ.”

ಹೌಸ್ ಆಫ್ ಲಾರ್ಡ್ಸ್ ಮಾತ್ರ ಅವರಿಗೆ ನರಕ. ಅಲ್ಲಿ ಸದಸ್ಯರು ಅಧ್ಯಕ್ಷರನ್ನಲ್ಲ, ಇಡೀ ಸಭೆಯನ್ನು ಉದ್ದೇಶಿಸಿ ಮಾತಾಡುತ್ತಾರೆ. ಮುಂದಿನ ಸಾಲಿನವರ ಬೆನ್ನು ಕಾಣುತ್ತದೆ, ಹಿಂದಿನವರು ಕಾಣುವುದೇ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಎರಡೇ ಸಲ ಎದ್ದು ಮಾತಾಡಿದ್ದರಂತೆ. “ಪತ್ರಿಕೆಗಳು ನನ್ನನ್ನು ಮಿತಭಾಷಿ ಎಂದು ಹೊಗಳಿದವು,” ಎಂದು ನಕ್ಕರು.

ನಾನು ಹೇಳಿದೆ, ಇದನ್ನು ಇವತ್ತೇ ವರದಿಯಲ್ಲಿ ಬರೆಯುತ್ತೇನೆ, ಅರ್ಜಿ ಬಿದ್ದುಹೋಗುತ್ತದೆ. ಅವರ ನಗು ನಿಂತಿತು.

“ಬರೆಯಕೂಡದು. ನಾನು ಮೂವತ್ತು ವರ್ಷ ನ್ಯಾಯಪೀಠದಲ್ಲಿ ಕೂತವನು. ಜನರನ್ನು ಜೈಲಿಗೆ ಕಳಿಸಿದ್ದೇನೆ. ಪೀಠದಲ್ಲಿದ್ದವನು ಕಿವುಡ ಎಂದು ತಿಳಿದರೆ ಅವರೆಲ್ಲ ಏನು ಕೇಳುತ್ತಾರೆ ಗೊತ್ತೆ? ನಾನು ಹೇಳಿದ್ದು ಇವನಿಗೆ ಕೇಳಿಸಿತ್ತಾ ಅಂತ.”

“ಕೇಳಿಸಿತ್ತಾ?” ಎಂದೆ. ಅಧಿಕಪ್ರಸಂಗವೇ, ಆದರೆ ಕೇಳದಿರಲು ಆಗಲಿಲ್ಲ.

“ಪ್ರತಿಯೊಬ್ಬನನ್ನೂ ಎದುರು ನಿಲ್ಲಿಸಿ, ಅವನು ಹೇಳಿದ್ದನ್ನು ನಾನೇ ತಿರುಗಿ ಹೇಳಿ, ಸರಿಯಾಗಿ ಅರ್ಥ ಮಾಡಿಕೊಂಡೆನಾ ಎಂದು ಕೇಳುತ್ತಿದ್ದೆ. ಅವನು ಹೌದೆನ್ನುವವರೆಗೆ ಮುಂದೆ ಹೋಗುತ್ತಿರಲಿಲ್ಲ. ಕಿವಿ ನೆಟ್ಟಗಿದ್ದ ನನ್ನ ಜೊತೆಗಾರರು ಗೋಡೆಯ ಗಡಿಯಾರ ನೋಡುತ್ತಿದ್ದರು.”

ರೋಗಿ ಬೇಡವೆಂದ ಮೇಲೆ ನಾನು ಬರೆಯುವಂತಿಲ್ಲ, ಅದು ನಿಯಮ. ಬರೆಯದಿದ್ದರೆ ಹತ್ತು ದಿನಕ್ಕೆ ಫೋನ್ ಬರುತ್ತದೆ, ಇವರು ನ್ಯಾಯಾಧೀಶರಿಗೂ ಹಾಲು ಹಾಕಿ ಎನ್ನುತ್ತಾರೆ, ಬಾಗಿಲಿಗೆ ಬೀಗ ಬೀಳುತ್ತದೆ. ನನಗೆ ಅವರ ಮೇಲೆ ಎಷ್ಟು ಕನಿಕರವೋ ಅಷ್ಟೇ ಸಿಟ್ಟೂ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಡಾಕ್ಟರು ಒಂದು ಕಡೆ, ಕಟ್ಟಿಸಿಕೊಳ್ಳಲು ತಾನೇ ಕೊರಳು ಕೊಡುವ ಮುದುಕ ಇನ್ನೊಂದು ಕಡೆ.

ಮನೆಗೆ ಬಂದು ರೊಟ್ಟಿ ಮುರಿಯುತ್ತಾ, ಯಾರು ಎಲ್ಲಿ ಎನ್ನದೆ, ದೊಡ್ಡ ಮನೆತನದ ಒಬ್ಬರ ಕಥೆಯೆಂದು ಅವ್ವನಿಗೆ ಹೇಳಿದೆ. “ಅಂವಾ ಕೆಪ್ಪ ಅನ್ನಿಸಿಕೊಳ್ಳಾಕ ಒಲ್ಲೆ ಅಂತಾನವ್ವ. ಹುಚ್ಚ ಅನ್ನಿಸಿಕೊಂಡ್ರೂ ನಡೀತೈತಂತ.”

ಅವ್ವ ಬಡಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. “ದೊಡ್ಡ ಮನಿತನದಾವ್ರು ಹಂಗs ಇರ್ತಾರ. ಕೆಪ್ಪ ಅಂದ್ರ ಮಂದಿ ನಗ್ತಾರ, ಹುಚ್ಚ ಅಂದ್ರ ಕಟ್ಟಿ ಹಾಕ್ತಾರ. ನಕ್ಕವ್ರು ಸಂಜಿಕ ಮನೀಗೆ ಹೋಗ್ತಾರ, ಕಟ್ಟಿದವ್ರು ಹೊಳ್ಳಿ ಬಂದು ಬಿಚ್ಚೂದಿಲ್ಲ. ಅಷ್ಟs ಹೇಳು ಅವ್ರಿಗೆ. ಮುಂದ ಅವ್ರ ಹಣೇಬರಹ.”

ಮರುದಿನ ಕಿಟಕಿಯ ಹೊರಗೆ ನಿಂತು ಇದನ್ನೇ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ತಾಯಿಯ ಮಾತು ಎಂದೂ ಹೇಳಿದೆ. ಅವರು ಅರ್ಧ ಒಪ್ಪಿದರು. ಕಿವಿಯ ಗುಟ್ಟು ಹೇಳುವುದು ಬೇಡ. ಆದರೆ ವಿಚಾರಣೆ ಫೋನಿನಲ್ಲಿ ಬೇಡ, ಎದುರೆದುರು ನಡೆಯಲಿ, ಮಾಸ್ಕ್ ಇಲ್ಲದಿರಲಿ ಎಂದು ನಾನು ಕೋರಬಹುದು. ಹಾಗೇ ಬರೆದೆ: ಫೋನಿನಲ್ಲಾಗಲಿ ಮಾಸ್ಕ್ ಹಾಕಿಕೊಂಡಾಗಲಿ ಈ ರೋಗಿಯ ವಿಚಾರಣೆ ವಿಶ್ವಾಸಾರ್ಹವಲ್ಲ. ಮರೈಕೆ ಗೊಣಗಿದರು, ಆದರೆ ಒಪ್ಪಿದರು. ಒಳ್ಳೆಯ ವೈದ್ಯೆ, ಆ ವರ್ಷ ಎಷ್ಟೋ ರೋಗಿಗಳನ್ನು ಕಳೆದುಕೊಂಡು ಬಸವಳಿದಿದ್ದರು.

ನವೆಂಬರಿನ ಒಂದು ಮಧ್ಯಾಹ್ನ ಆರೈಕೆ ಮನೆಯ ತೋಟದಲ್ಲಿ ಕುರ್ಚಿಗಳನ್ನು ಒಂದೂವರೆ ಮೀಟರ್ ಅಂತರದಲ್ಲಿ ಹಾಕಿದರು. ನಾನು ಅವನ್ನು ಅರ್ಧ ವೃತ್ತಕ್ಕೆ ತಿರುಗಿಸಿ, ನಡುವೆ ಲಾರ್ಡ್ ಅವರನ್ನು ಕಂಬಳಿ ಹೊದಿಸಿ ಕೂರಿಸಿದೆ. ಕೋಟು ಹಾಕಿಕೊಂಡ ನ್ಯಾಯಾಧೀಶೆ, ಮರೈಕೆ, ಹೆಲೆನ್, ನಾನು. ಎಲ್ಲರೂ ಮಾಸ್ಕ್ ತೆಗೆದೆವು. ಒಬ್ಬೊಬ್ಬರಾಗಿ, ಇಂಗ್ಲಿಷಿನಲ್ಲಿ, ಅವರ ಕಡೆ ಮುಖ ಮಾಡಿ ಮಾತಾಡಬೇಕೆಂದು ನಾನು ವಿನಂತಿಸಿದೆ. ಐದು ನಿಮಿಷದಲ್ಲಿ ಸಭೆ ಯಾರದೆಂದು ತಿಳಿಯದಂತಾಯಿತು. ಮರೈಕೆ ಮತ್ತು ಹೆಲೆನ್ ಒಟ್ಟಿಗೆ ಬಾಯಿ ತೆರೆದಾಗ ಲಾರ್ಡ್ ಎರಡು ಬೆರಳೆತ್ತಿ, “ಡಾಕ್ಟರ್ ಮೊದಲು,” ಎಂದರು. ನ್ಯಾಯಾಧೀಶೆ ಮುಗುಳ್ನಕ್ಕರು.

ತಾನೇಕೆ ಬಂದಿದ್ದೇನೆ, ಗೊತ್ತೇ ಎಂದು ಆಕೆ ಕೇಳಿದರು.

“ನನ್ನ ಬಗ್ಗೆ ನಾನೇ ತೀರ್ಮಾನಿಸಬಲ್ಲೆನೇ ಎಂದು ನೋಡಲು. ಡಾಕ್ಟರ್ ಇಲ್ಲ ಎನ್ನುತ್ತಾರೆ, ಮಗಳು ಹೌದು ಎನ್ನುತ್ತಾಳೆ. ಸರಿಯಾಗಿ ಅರ್ಥ ಮಾಡಿಕೊಂಡೆನಾ?”

ಅಲ್ಲಿಗೆ ಗೆದ್ದಂತೆಯೇ ಇತ್ತು. ಆದರೆ ಮರೈಕೆ ಪ್ರಾಮಾಣಿಕರು. ಅವರ ಕಡೆ ಬಗ್ಗಿ, “ಹಾಗಾದರೆ ನನ್ನ ಕೋಣೆಯಲ್ಲಿ ಮೂರು ಸಲವೂ ಯಾಕೆ ಹಾಗೆ ಉತ್ತರ ಕೊಟ್ಟಿರಿ? ನಾನು ರಾತ್ರಿಯೆಲ್ಲ ಯೋಚಿಸಿದ್ದೇನೆ. ನಿಮ್ಮನ್ನು ಬಿಟ್ಟು ನಾಳೆ ನೀವು ರಸ್ತೆಯಲ್ಲಿ ಕಳೆದುಹೋದರೆ ನನಗೆ ಹೊಣೆ,” ಎಂದರು. ಆಕೆಯ ಕಣ್ಣು ತುಂಬಿತ್ತು.

ಲಾರ್ಡ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆ ತೀರ್ಮಾನ ನನ್ನದಾಗಿರಲಿಲ್ಲ.

“ಯಾಕೆಂದರೆ ನನಗೆ ಕೇಳಿಸುವುದಿಲ್ಲ, ಡಾಕ್ಟರ್,” ಎಂದರು. “ಇಪ್ಪತ್ತನೆಯ ವಯಸ್ಸಿನಿಂದ ಕೇಳಿಸಿಲ್ಲ. ಮುಖ ಮುಚ್ಚಿಕೊಂಡ ದಿನ ನೀವೆಲ್ಲರೂ ನನ್ನ ಪಾಲಿಗೆ ಮಾತು ನಿಲ್ಲಿಸಿದಿರಿ. ನಾನು ಊಹಿಸಿ ಉತ್ತರಿಸಿದೆ. ತಪ್ಪು ನಿಮ್ಮದಲ್ಲ, ಮುಚ್ಚಿಟ್ಟವನು ನಾನು.”

ವಾರಕ್ಕೊಮ್ಮೆ ಕರ್ತವ್ಯದಂತೆ ಪತ್ರಿಕೆ ತಂದುಕೊಟ್ಟು ಹತ್ತು ನಿಮಿಷ ನಿಂತು ಹೋಗುತ್ತಿದ್ದ ಹೆಲೆನ್ ಕುರ್ಚಿಯಿಂದ ಎದ್ದಳು.

“ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ನಾನು ದಾರಿಯುದ್ದಕ್ಕೂ ಮಾತಾಡ್ತಿದ್ದೆ,” ಎಂದಳು. “ನೀವು ಒಂದು ಸಲವೂ ಉತ್ತರ ಕೊಡಲಿಲ್ಲ, ಅಪ್ಪಾ. ಹತ್ತು ವರ್ಷ ತುಂಬಿದಾಗ ನಾನು ನಿಲ್ಲಿಸಿಬಿಟ್ಟೆ. ನಿಮಗೆ ನಾನು ಬೇಡ ಅಂದುಕೊಂಡೆ.”

ಮುದುಕ ಅವಳ ತುಟಿಯನ್ನೇ ನೋಡುತ್ತಿದ್ದರು.

“ಏನು ಹೇಳ್ತಿದ್ದೆ?”

“ಏನೂ ಇಲ್ಲ,” ಎಂದಳು ಐವತ್ತು ದಾಟಿದ ಆ ವಕೀಲೆ, ಅಳುತ್ತಾ. “ಹಸು ಕಂಡರೆ ಹಸು ಅಂತಿದ್ದೆ.”

ಅವರು ಕೈ ಚಾಚಿದರು. ಒಂದೂವರೆ ಮೀಟರಿನ ನಿಯಮ ಅಲ್ಲಿದ್ದ ಐವರಿಗೂ ಗೊತ್ತಿತ್ತು. ನ್ಯಾಯಾಧೀಶೆ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಅರ್ಜಿ ವಜಾ ಆಯಿತು. ಮರೈಕೆ ಮುಖ ಕಾಣುವ ಪಾರದರ್ಶಕ ಮಾಸ್ಕುಗಳನ್ನು ತರಿಸಿ, ಪರೀಕ್ಷೆಯನ್ನು ಮತ್ತೆ ಮಾಡಿದರು. ಈ ಸಲ ಇಪ್ಪತ್ತೆಂಟು ಅಂಕ. ಆ ಮನೆಯ ಉಳಿದ ರೋಗಿಗಳನ್ನೂ ಒಬ್ಬೊಬ್ಬರಾಗಿ ಮತ್ತೆ ನೋಡಿದರು. ಲಾರ್ಡ್ ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು, ತಮ್ಮದೇ ಕೋಣೆಯಲ್ಲಿ, ಮಗಳು ಎದುರು ಕೂತಿದ್ದಾಗ.

ನನ್ನ ಕೆಲಸ ಕಿವಿ ಅಳೆಯುವುದು, ಅದನ್ನು ಯಂತ್ರವೇ ಮಾಡುತ್ತದೆ. ಆ ನವೆಂಬರಿನ ನಂತರ ಯಂತ್ರ ಹಚ್ಚುವ ಮೊದಲು ಒಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ. ಅದನ್ನು ರೋಗಿಗೆ ಕೇಳುವುದಿಲ್ಲ. ಪಕ್ಕದಲ್ಲಿ ಫೋನ್ ನೋಡುತ್ತಾ ಕೂತಿರುವ ಮಗನಿಗೆ, ಮಗಳಿಗೆ, ಹೆಂಡತಿಗೆ ಕೇಳುತ್ತೇನೆ: ಇವರಿಗೆ ಏನನ್ನು ಹೇಳುವುದು ಬಿಟ್ಟುಬಿಟ್ಟಿದ್ದೀರಿ? ಹೆಚ್ಚಿನವರು ಮೊದಲು ಏನಿಲ್ಲ ಎನ್ನುತ್ತಾರೆ. ನಾನು ಕಾಯುತ್ತೇನೆ.