ನೀಲಿ ರಾಬಿನ್‌ಗೆ ಎಳೆದ ಗೆರೆ

ಕಳೆದ ಭಾನುವಾರ ನಮ್ಮ ಮನೆಯಾಕೆ ಶ್ರೀಖಂಡ ಮಾಡುವ ಮನಸ್ಸು ಮಾಡಿದಳು. ಮೊಸರು ಕಟ್ಟಿ ತೂಗುಹಾಕಲು ಬಟ್ಟೆ ಹುಡುಕುತ್ತ ಅಟ್ಟದ ಟ್ರಂಕಿಗೆ ಕೈಹಾಕಿದವಳಿಗೆ ಮೊಣಕಾಲುದ್ದದ, ಬಾಯಿಗೆ ಲಾಡಿ ಇದ್ದ ಎರಡು ಹತ್ತಿ ಚೀಲಗಳು ಸಿಕ್ಕವು. ಮೊಸರು ಕಟ್ಟಲೆಂದೇ ಯಾರೋ ಹೊಲಿಸಿಟ್ಟಂತಿದ್ದವು, ಅವಳ ತಪ್ಪೇನಿಲ್ಲ. ನಾನು ಪೇಪರು ಮುಗಿಸಿ ಅಡುಗೆಮನೆಗೆ ಬರುವಷ್ಟರಲ್ಲಿ ಒಂದು ಚೀಲವನ್ನು ಒಗೆದು, ಮೊಸರು ತುಂಬಿ, ನಲ್ಲಿಗೆ ನೇತುಹಾಕಿ ಆಗಿತ್ತು. ಇನ್ನೊಂದು ಮೇಜಿನ ಮೇಲಿತ್ತು. ಎತ್ತಿ ಮೂಸಿದೆ. ಹಳೇ ನಶ್ಯದ ಘಾಟು ಮೂಗಿಗೇರಿ ನಾಲ್ಕು ಸೀನು ಬಂದವು.

ಅದು ಜಿಗಣೆ ಚೀಲ. ಮಳೆಕಾಡಿನಲ್ಲಿ ಓಡಾಡುವವರು ಕಾಲುಚೀಲದ ಮೇಲೆ ಇದನ್ನು ಏರಿಸಿ, ಮೊಣಕಾಲ ಕೆಳಗೆ ಲಾಡಿ ಬಿಗಿದು, ಮೇಲೆ ನಶ್ಯ ಉಜ್ಜಿಕೊಳ್ಳುತ್ತಾರೆ. ಆ ಘಾಟಿಗೆ ಜಿಗಣೆ ಹತ್ತುವುದಿಲ್ಲ ಎಂದು ನಂಬಿಕೆ. ನನ್ನ ಅನುಭವ ಬೇರೆ. ನೀಲಗಿರಿಯ ಜಿಗಣೆಗಳು ನನ್ನ ನಶ್ಯವನ್ನು ಒಗ್ಗರಣೆ ಎಂದೇ ತಿಳಿದಿದ್ದವು. ಇಷ್ಟು ಹೇಳಿ ನಗಿಸಿ, ಮೊಸರಿನ ಚೀಲದ ವಿಷಯ ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಆದರೆ ಆ ಚೀಲದ ಜೊತೆ ಒಂದು ಸುಳ್ಳು ಕೂಡ ಟ್ರಂಕಿನಲ್ಲಿ ಇಷ್ಟು ವರ್ಷ ಮಡಿಸಿಕೊಂಡು ಮಲಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಗುಂಡ್ಲುಪೇಟೆಯ ಅಂಚೆ ಕಚೇರಿಯಲ್ಲಿ ಗುಮಾಸ್ತ. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಲು ಹೋಗಿ ಸೋತಿದ್ದ ಮೇಷ್ಟ್ರು, ನಾನು ದೊಡ್ಡವನಾದ ಮೇಲೆ ಹಕ್ಕಿ ನೋಡುವುದನ್ನಾದರೂ ಕಲಿಸೋಣವೆಂದು ಹಟ ಹಿಡಿದಿದ್ದರು. ಅದರಲ್ಲೂ ನಾನು ಅವರಿಗೆ ಹೆಚ್ಚಿನ ಕೀರ್ತಿ ತರಲಿಲ್ಲ. ಎಲ್ಲರೂ ಕೊಂಬೆ ನೋಡುತ್ತಿದ್ದಾಗ ನಾನು ಕನ್ನಡಕ ಒರೆಸುತ್ತಿದ್ದೆ. ಕನ್ನಡಕ ಒರೆಸಿ ಮೂಗಿಗೇರಿಸುವ ಹೊತ್ತಿಗೆ ಕೊಂಬೆ ಮಾತ್ರ ಉಳಿದಿರುತ್ತಿತ್ತು. ಕೊಂಬೆಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಆ ತಾಲ್ಲೂಕಿನಲ್ಲಿ ಇರಲಿಲ್ಲ.

ಆ ವರ್ಷ ಮೇಷ್ಟ್ರಿಗೆ ಕಣ್ಣಿನ ನರದ ಕಾಯಿಲೆ ಎಂದು ಗೊತ್ತಾಯಿತು. ದೃಷ್ಟಿ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಮೇಷ್ಟ್ರು ಅತ್ತು ಕರೆಯಲಿಲ್ಲ, ದೇವರಿಗೆ ಹರಕೆಯನ್ನೂ ಹೊರಲಿಲ್ಲ. ಒಂದು ಪಟ್ಟಿ ಮಾಡಿದರು. ಬದುಕಿನಲ್ಲಿ ನೋಡಲೇಬೇಕೆಂದುಕೊಂಡು ನೋಡದೆ ಉಳಿದ ಹಕ್ಕಿಗಳಲ್ಲಿ ಹತ್ತಿರದ್ದು ಯಾವುದು ಎಂದು ಲೆಕ್ಕ ಹಾಕಿದರು. ನೀಲಗಿರಿಯ ನೀಲಿ ರಾಬಿನ್ ಎಂದು ಬಂತು. ಬೆಟ್ಟದ ಮೇಲಿನ ಶೋಲಾ ಕಾಡಿನ ನೆಲದಲ್ಲಿ, ಮಂಜು ಕವಿದ ಪೊದೆಯ ಕೆಳಗೆ ಓಡಾಡುವ ಗುಬ್ಬಿ ಗಾತ್ರದ, ನಾಚಿಕೆಯ ಪ್ರಾಣಿ ಅದು. ಬೆಳಗಿನ ಮಬ್ಬಿನಲ್ಲಿ ಒಂದು ಗಳಿಗೆ ಕಾಲುದಾರಿಗೆ ಇಳಿದರೆ ಇಳಿಯಿತು, ಇಲ್ಲದಿದ್ದರೆ ಇಲ್ಲ.

ಹೀಗೆ ನಾವು ಮೂವರು ಆರು ದಿನದ ರಜೆ ಹಾಕಿ ಊಟಿಯ ಬಸ್ಸು ಹತ್ತಿದೆವು. ಮೂರು ದಿನ ಮೇಲಿನ ಶೋಲಾ ಕಾಡು, ಆಮೇಲೆ ಕಲ್ಲಟ್ಟಿ ಘಾಟಿಯಲ್ಲಿಳಿದು ಮಸಿನಗುಡಿ, ತೆಪ್ಪಕಾಡಿನ ಕಡೆ ಬಯಲುಕಾಡು. ಮೂರನೆಯವನು ಪ್ರಕಾಶ, ನಮ್ಮೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದವನು. ಹಕ್ಕಿಗಳ ಪಟ್ಟಿ ಅವನ ಸುಪರ್ದಿಯಲ್ಲಿ. ಮಾತ್ರೆಗಳ ಹೆಸರನ್ನು ಹೇಗೆ ತಪ್ಪಿಲ್ಲದೆ ಬರೆಯುತ್ತಿದ್ದನೋ ಹಾಗೆಯೇ ಹಕ್ಕಿಗಳ ಹೆಸರನ್ನೂ ಬರೆಯುತ್ತಿದ್ದ. ದಾರಿ ತೋರಿಸುವವರು ಹಾಲಣ್ಣ, ಊಟಿಯ ಹತ್ತಿರದ ಹಟ್ಟಿಯವರು. ಸ್ವಲ್ಪ ಟೀ ತೋಟವಿತ್ತು. ಎಲೆ ಕೊಯ್ದು ಫ್ಯಾಕ್ಟರಿಗೆ ಕಳಿಸುವ ದಿನ ಬಿಟ್ಟು ಉಳಿದ ದಿನ ನಮ್ಮಂಥವರನ್ನು ಕಾಡಿಗೆ ಕರೆದೊಯ್ಯುತ್ತಿದ್ದರು. ಅವರ ಮನೆಯ ಮುಂದಿನ ಕೋಣೆಯಲ್ಲೇ ನಮ್ಮ ಬಿಡಾರ. ಮೊದಲ ರಾತ್ರಿ ಅವರ ಹೆಂಡತಿ ರಾಗಿ ಹಿಟ್ಟಿನ ಮುದ್ದೆ, ಉದಕ ಎಂದು ಅವರು ಕರೆಯುವ ಅವರೆಕಾಳಿನ ಸಾರು ಬಡಿಸಿದಾಗ ನನಗೆ ನೀಲಗಿರಿಗೆ ಬಂದದ್ದು ಸಾರ್ಥಕವೆನಿಸಿತು. ಹಕ್ಕಿ ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ.

ಇಲ್ಲಿ ನಿಮಗೆ ನಮ್ಮ ಪಟ್ಟಿಯ ಶಾಸ್ತ್ರ ಹೇಳಬೇಕು. ಸಂಜೆ ಕಾಫಿಯ ಹೊತ್ತಿಗೆ ಪ್ರಕಾಶ ನೋಟ್‌ಬುಕ್ಕು ತೆರೆದು ಅಂದಿನ ಹಕ್ಕಿಗಳ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದ. ಕಂಡಿದ್ದರೆ ‘ಕಂಡೆ’ ಎನ್ನಬೇಕು, ಒಂದು ಗೆರೆ. ಬರೀ ದನಿ ಕೇಳಿದ್ದರೆ ‘ಕೇಳಿದೆ’ ಎನ್ನಬೇಕು, ಒಂದು ಸೊನ್ನೆ. ಮೊದಲು ಪ್ರಕಾಶ, ಆಮೇಲೆ ನಾನು, ಕೊನೆಗೆ ಮೇಷ್ಟ್ರು. ವಯಸ್ಸಿನಲ್ಲಿ ಕಿರಿಯರಿಂದ ಹಿರಿಯರಿಗೆ. ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದೆ ಹೋದರೆ ಮರುದಿನ ಬೆಳಿಗ್ಗೆ ಇಡೀ ತಂಡ ಅದೇ ಜಾಗಕ್ಕೆ ಮತ್ತೆ ಹೋಗಬೇಕು. ಈ ಕೊನೆಯ ನಿಯಮ ಮೇಷ್ಟ್ರದ್ದು. ತರಗತಿಯಲ್ಲಿ ಒಬ್ಬನಿಗೆ ಅರ್ಥವಾಗದಿದ್ದರೂ ಲೆಕ್ಕವನ್ನು ಮತ್ತೆ ಬೋರ್ಡಿನ ಮೇಲೆ ಬಿಡಿಸುತ್ತಿದ್ದವರು ಅವರು. ಆ ಒಬ್ಬ ಬಹಳ ಸಲ ನಾನೇ ಆಗಿರುತ್ತಿದ್ದೆ.

ಕಾಡಿನಲ್ಲೂ ಅದೇ ಆಯಿತು. ಮೊದಲ ದಿನ ಎಲ್ಲರಿಗೂ ಕಂಡ ಕಾಡುಪಾರಿವಾಳ ನನಗೆ ಕಾಣಲಿಲ್ಲ, ಕನ್ನಡಕ ಒರೆಸುತ್ತಿದ್ದೆ. ಎರಡನೇ ದಿನ ಕೊರೆಯುವ ಚಳಿಯಲ್ಲಿ, ಇನ್ನೂ ಬೆಳಕು ಹರಿಯುವ ಮೊದಲೇ, ನನ್ನೊಬ್ಬನ ಪಾರಿವಾಳಕ್ಕಾಗಿ ಮೂವರು ಮತ್ತೆ ಅದೇ ಮರದ ಕೆಳಗೆ ನಿಂತರು. ಪಾರಿವಾಳ ದೊಡ್ಡ ಮನಸ್ಸು ಮಾಡಿ ಬಂದು ಕುಳಿತಿತು. ಆದರೆ ಪ್ರಕಾಶನಿಗೆ ಕೆಮ್ಮು ಹತ್ತಿತು. ಊರಿಗೆಲ್ಲ ಔಷಧಿ ಮಾರುವವನು ತನ್ನ ಚೀಲದಲ್ಲಿ ಒಂದು ಗುಳಿಗೆಯೂ ಇಲ್ಲದೆ ದಿನವಿಡೀ ಕೆಮ್ಮಿದ. ಒಂದೊಂದು ಕೆಮ್ಮೂ ನನ್ನ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು.

ಮೂರನೇ ದಿನ ಬೇರೊಂದು ಶೋಲಾದಲ್ಲಿ, ಕಾಲುದಾರಿ ತಿರುಗುವ ಕಡೆ, ಹಾಲಣ್ಣ ಕೈ ಎತ್ತಿ ನಿಂತರು. ಮಂಜು ನೆಲದವರೆಗೆ ಇಳಿದಿತ್ತು. ಅದೇ ಗಳಿಗೆಯಲ್ಲಿ ನನ್ನ ಎಡಗಾಲಿನ ಚೀಲದ ಲಾಡಿ ಸಡಿಲಾಗಿ, ಒಳಗೆ ಏನೋ ತಣ್ಣಗೆ ಹರಿದಂತಾಯಿತು. ಬಗ್ಗಿದೆ. ಜಿಗಣೆಯ ಒಂದು ತುದಿ ಕೀಳುವಷ್ಟರಲ್ಲಿ ಇನ್ನೊಂದು ತುದಿ ಬೆರಳಿಗೆ ಅಂಟಿತು. ನಾನು ತಲೆ ಎತ್ತಿದಾಗ ಪ್ರಕಾಶ ಕೆಮ್ಮನ್ನು ಅಂಗೈಯಲ್ಲಿ ಅದುಮಿ ಹಿಡಿದು, ಕಣ್ಣು ತುಂಬ ನೀರು ಮಾಡಿಕೊಂಡು ನಗುತ್ತಿದ್ದ. ನೀಲಿ ರಾಬಿನ್ ದಾರಿಗೆ ಇಳಿದು, ಎರಡು ಹೆಜ್ಜೆ ಕುಪ್ಪಳಿಸಿ, ಹೋಗಿಯಾಗಿತ್ತು. ಮೇಷ್ಟ್ರು ದುರ್ಬೀನನ್ನು ಕಣ್ಣಿನಿಂದ ಇಳಿಸಿ ಸುಮ್ಮನೆ ನಿಂತಿದ್ದರು. ಕಂಡ ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದು ನಾನು ತಿಳಿದೆ. ನನ್ನ ಕೈಯಲ್ಲಿ ಜಿಗಣೆ ಇತ್ತು.

ಸಂಜೆ ಪಟ್ಟಿ ಕೂಗುವ ಹೊತ್ತಾಯಿತು. ‘ನೀಲಿ ರಾಬಿನ್’ ಎಂದು ಪ್ರಕಾಶ ಕೂಗಿ, ‘ಕಂಡೆ’ ಎಂದು ತಾನೇ ಗೆರೆ ಎಳೆದುಕೊಂಡು, ನನ್ನ ಕಡೆ ನೋಡಿ ಕೆಮ್ಮಿದ. ಕಾಣಲಿಲ್ಲ ಎಂದರೆ ನಾಳೆ ಮತ್ತೆ ಆ ಚಳಿ, ನನ್ನೊಬ್ಬನಿಂದ. ಅದಲ್ಲದೆ, ನಿಜವನ್ನೇ ಹೇಳುತ್ತೇನೆ, ಮಸಿನಗುಡಿಯ ಬೆಚ್ಚನೆಯ ಬಿಸಿಲನ್ನು ನನ್ನ ಬೆನ್ನು ಆಗಲೇ ಕಾಯಿಸಿಕೊಳ್ಳಲು ಶುರುಮಾಡಿತ್ತು. ‘ಕಂಡೆ’ ಎಂದೆ. ಹೇಗಿತ್ತು ಎಂದು ಯಾರೂ ಕೇಳದಿದ್ದರೂ ‘ಎಂಥಾ ನೀಲಿ’ ಎಂದು ಸೇರಿಸಿದೆ. ಬಾಗಿಲ ಬಳಿ ಕುಳಿತಿದ್ದ ಹಾಲಣ್ಣ ಕಾಫಿ ಲೋಟವನ್ನು ಕೆಳಗಿಟ್ಟರು. ಮೇಷ್ಟ್ರು ಸ್ವಲ್ಪ ತಡೆದು ‘ಕಂಡೆ’ ಎಂದರು. ಮೂರು ಗೆರೆ ಬಿತ್ತು.

ಮರುದಿನ ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನೂ ಇಳಿದೆವು. ಹಾಲಣ್ಣನೂ ಜೊತೆಗೆ ಬಂದಿದ್ದರು. ಕೆಳಗೆ ಬಿಸಿಲಿತ್ತು, ನವಿಲಿತ್ತು, ಮಂಗಟ್ಟೆ ಇತ್ತು, ಮರಕುಟಿಗ ಇತ್ತು. ಅಪರೂಪಕ್ಕೆ ನನಗೆ ಎಲ್ಲವೂ ಕಂಡವು. ಪ್ರಕಾಶನ ಕೆಮ್ಮೂ ನಿಂತಿತು. ನಾನು ಹಾಡು ಗುನುಗುವಷ್ಟು ಗೆಲುವಾಗಿದ್ದೆ. ಕೊನೆಯ ದಿನ ತೆಪ್ಪಕಾಡಿನ ಆನೆ ಶಿಬಿರದಲ್ಲಿ ಮಾವುತರು ಆನೆಗಳಿಗೆ ರಾಗಿಮುದ್ದೆ ತಿನ್ನಿಸುವುದನ್ನು ನೋಡುತ್ತ ನಿಂತಿದ್ದಾಗ ಹಾಲಣ್ಣ ನನ್ನ ಪಕ್ಕಕ್ಕೆ ಬಂದರು.

“ಸಾರ್, ನಿಂಗ ಆ ಹಕ್ಕಿಯ ನೋಡಿಲ್ಲೆ,” ಎಂದರು.

ಆನೆಯ ಬಾಯಿಯನ್ನೇ ನೋಡುತ್ತ ನಿಂತೆ.

“ಮೇಷ್ಟ್ರೂ ನೋಡಿಲ್ಲೆ. ಅವರ ದುರ್ಬೀನು ಬೇರೆ ಪಕ್ಕ ಇತ್ತು. ನಾಳೆ ಮತ್ತೆ ಸೋಲೆ ಕಾಡಿಗೆ ಹೋಗೋದು, ಎಲೆ ಕೊಯ್ಯೋಕೆ ನಾ ಬರಲ್ಲ ಅಂತ ಆವತ್ತೇ ಮನೇಲಿ ಹೇಳಿ ಇಟ್ಟಿದ್ದೆ.”

ಆವತ್ತೇ ಹೇಳಬಾರದಿತ್ತೇ ಎಂದು ಕೇಳಿದೆ. ಕೇಳುವುದಕ್ಕೆ ನನಗೆ ಯಾವ ಮುಖವಿತ್ತೋ. ಪಟ್ಟಿ ನಿಮ್ಮದು, ನಾನು ದಾರಿ ತೋರಿಸುವವನು ಅಷ್ಟೇ ಎಂದರು ಹಾಲಣ್ಣ. ಕೋಪವಿಲ್ಲದೆ ಹೇಳಿದರು. ಕೋಪ ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆಗಲೂ ಹೇಳಬಹುದಿತ್ತು. ಬೆಟ್ಟದ ಮೇಲಕ್ಕೆ ಬಸ್ಸಿತ್ತು. ಆದರೆ ಅಂದಿಗೆ ರಜೆ ಮುಗಿಯುತ್ತಿತ್ತು, ಮರುದಿನ ನನ್ನ ಕೌಂಟರಿನ ಮುಂದೆ ಜನ ಕಾಯುತ್ತಾರೆ ಎಂಬ ನೆಪ ಇತ್ತು. ಅಂಚೆ ಇಲಾಖೆ ನನ್ನನ್ನು ಬಿಟ್ಟು ಒಂದು ದಿನವೂ ನಡೆಯದು ಎಂಬ ಭ್ರಮೆ ನನಗೆ ಅದೊಂದೇ ದಿನ ಬಂದದ್ದು. ಊರಿಗೆ ಬಂದೆವು. ಮುಂದಿನ ವರ್ಷ ಮೇಷ್ಟ್ರ ಬಲಗಣ್ಣು ಹೋಯಿತು. ಎಡಗಣ್ಣೂ ನಿಧಾನವಾಗಿ ಅದರ ಹಿಂದೆ ನಡೆಯಿತು. ಎಷ್ಟೋ ಸಲ ಹೇಳಿಬಿಡಬೇಕೆಂದು ಅವರ ಮನೆಗೆ ಹೋದೆ. ಪ್ರತಿ ಸಲವೂ ಅವರ ಮಗಳು ಕಾಫಿ ತಂದಿಟ್ಟಳು, ನಾನು ಕಾಫಿಯ ಬಗ್ಗೆ ಮಾತಾಡಿದೆ. ನನಗೆ ವರ್ಗವಾಯಿತು, ನಿವೃತ್ತಿಯೂ ಆಯಿತು. ಮೈಸೂರಿನಲ್ಲಿ ಮನೆ ಮಾಡಿದ ಮೇಲೆ ಹೋಗುವುದೂ ಕಡಿಮೆಯಾಯಿತು. ನಾಚಿಕೆಯಾಗುತ್ತದೆ, ಬರೆಯುವಾಗಲೂ.

ಭಾನುವಾರ ಸೀನು ನಿಂತ ಮೇಲೆ ಫೋನು ಮಾಡಿದೆ. ಮೇಷ್ಟ್ರಿಗೀಗ ಎಂಬತ್ತು ದಾಟಿದೆ, ದನಿ ಮಾತ್ರ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಂತೆಯೇ ಇದೆ. ಕ್ಷೇಮಸಮಾಚಾರ, ಮಳೆ ಬೆಳೆ ಯಾವುದನ್ನೂ ಎತ್ತದೆ, ನೀಲಿ ರಾಬಿನ್ ನನಗೆ ಕಂಡಿರಲಿಲ್ಲ ಎಂದು ಹೇಳಿದೆ. ನಲ್ಲಿಗೆ ನೇತುಹಾಕಿದ್ದ ಚೀಲದಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

“ಗೊತ್ತು ಕಣಯ್ಯ,” ಎಂದರು ಮೇಷ್ಟ್ರು. “ನೀನು ಬಗ್ಗಿ ಜಿಗಣೆ ಕೀಳ್ತಾ ಇದ್ದೆ. ಅಷ್ಟು ಹತ್ತಿರದ್ದು ನಂಗೆ ಕಾಣ್ತಿತ್ತು.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನೀನು ಕಾಣಲಿಲ್ಲ ಅಂತೀಯ, ನಾಳೆ ಇನ್ನೊಂದು ಸಲ ಹೋಗಬಹುದು ಅಂತ ಕಾಯ್ತಾ ಕೂತಿದ್ದೆ. ನನ್ನ ಸರದಿ ನಿನ್ನ ಆದಮೇಲೆ ಅಲ್ವೇ? ನೀನೂ ಕಂಡೆ ಅಂದಮೇಲೆ, ಕಣ್ಣು ಹೋಗ್ತಿರೋನು ನಾನೊಬ್ಬನೇ ಕಾಣಲಿಲ್ಲ ಅನ್ನೋದಕ್ಕೆ ಬಾಯಿ ಬರಲಿಲ್ಲ.”

ಜೀವಮಾನದಲ್ಲಿ ನನ್ನ ಉತ್ತರಕ್ಕಾಗಿ ಒಬ್ಬರು ಅಷ್ಟು ಆಸೆಯಿಂದ ಕಾದದ್ದು ಅದೊಂದೇ ಸಲ ಇರಬೇಕು. ತಪ್ಪಾಯಿತು ಮೇಷ್ಟ್ರೇ ಎಂದೆ. ಅವರು ಅದನ್ನು ಕೇಳಿಸಿಕೊಂಡಂತೆ ತೋರಲಿಲ್ಲ. ಪ್ರಕಾಶನ ನೋಟ್‌ಬುಕ್ಕು ಇನ್ನೂ ಇದೆಯೇ ಎಂದು ವಿಚಾರಿಸಿದರು. ಇದೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೇ ಇಟ್ಟುಕೊಂಡಿದ್ದಾನೆ ಎಂದೆ.

“ಎರಡು ಗೆರೆ ಹೊಡೆದುಹಾಕಿಸು. ನಿಯಮ ಏನು ಹೇಳುತ್ತೆ?”

“ಒಬ್ಬರಿಗೆ ಕಾಣದಿದ್ದರೂ ಮರುದಿನ ಬೆಳಿಗ್ಗೆ ಎಲ್ಲರೂ ಮತ್ತೆ ಹೋಗಬೇಕು,” ಎಂದೆ, ಹೈಸ್ಕೂಲಿನ ಹುಡುಗನಂತೆ.

“ಹೋಗೋಣ. ಅದು ಬೆಳಿಗ್ಗೆ ಸಿಳ್ಳೆ ಹಾಕುತ್ತೆ ಅಂತ ಹಾಲಣ್ಣ ಹೇಳ್ತಿದ್ರು. ನಂಗೆ ಸೊನ್ನೆ ಸಾಕು. ಗೆರೆ ನಿಂದು. ಈ ಸಲ ಬಗ್ಗಬೇಡ.”

ಫೋನಿಟ್ಟು ಹಾಲಣ್ಣನ ಮಗನ ನಂಬರು ಹುಡುಕಿದೆ, ಪ್ರಕಾಶನಿಗೆ ಫೋನು ಮಾಡಿ ಮುಂದಿನ ವಾರಕ್ಕೆ ಬಸ್ಸಿನ ಹೊತ್ತು ಕೇಳಿದೆ, ಮೂಲೆಯ ಅಂಗಡಿಗೆ ಹೋಗಿ ಎರಡು ಡಬ್ಬಿ ನಶ್ಯ ತಂದೆ. ಮೊಸರಿನ ಚೀಲ ಯಾವಾಗ ಖಾಲಿಯಾಗುತ್ತದೆ ಎಂದು ಹೆಂಡತಿಯನ್ನು ವಿಚಾರಿಸಿದೆ. ಶ್ರೀಖಂಡ ಆದಮೇಲೆ ಎಂದಳು. ಸಂಜೆ ಅದನ್ನು ಸೋಪು ಹಚ್ಚಿ ನಾನೇ ಒಗೆದೆ. ಹುಳಿ ವಾಸನೆ ಹೋಗಿಲ್ಲ. ಎಡಗಾಲಿಗೆ ಅದನ್ನೇ ಹಾಕಿಕೊಳ್ಳುತ್ತೇನೆ, ಲಾಡಿಯನ್ನು ಎರಡು ಗಂಟು ಬಿಗಿದು.