ಜಗಲಿಯ ಮೇಲೆ ಬದಲಾದ ಹೊಲ

ನಮ್ಮ ಕಡೆ ಮನೆಯ ದನಗಳಿಗಿರುವಂತೆ ಹೊಲಗಳಿಗೂ ಹೆಸರುಂಟು. ಬಾವಿಹೊಲ, ದಿಣ್ಣೆಯ ಮೇಲಿನ ಬೋರೆಹೊಲ ಎಂದರೆ ನಮ್ಮೂರು ಭೀಮನಬೀಡಿನಲ್ಲಿ ಮಗುವೂ ಬೆರಳು ತೋರಿಸೀತು. ಸರ್ಕಾರ ಮಾತ್ರ ಅವಕ್ಕೆ ನಂಬರು ಕೊಟ್ಟು ಸುಮ್ಮನಾಗಿದೆ. ಚಾಮರಾಜನಗರದ ಶಾಲೆಯಲ್ಲಿ ಆಯುಷ್ಯವಿಡೀ ಪೌರನೀತಿ ಬೋಧಿಸಿದ ನಾನು, ಯಜಮಾನರು ತೀರಿಕೊಳ್ಳುವವರೆಗೆ ನಮ್ಮ ಹೊಲದ ನಂಬರು ಯಾವುದೆಂದು ಕೇಳಿದವಳಲ್ಲ. ಇಂಥ ಪಂಡಿತೆಯ ಕೈಗೆ ಆಸ್ತಿ ಬಂದರೆ ಏನಾಗಬೇಕೋ ಅದೇ ಆಯಿತು.

ಅಣ್ಣತಮ್ಮಂದಿರ ಆಸ್ತಿ ಭಾಗವಾದಾಗ ಪತ್ರದಲ್ಲಿ ಬೋರೆ ನಮಗೆ, ಬಾವಿಹೊಲ ಮೈದುನನಿಗೆ. ಅವನಿಗೆ ಆಗ ಕುರಿ ಸಾಕುವ ಹುಚ್ಚು. ಮೇಯಿಸಲು ಬೋರೆ ಬೇಕೆಂದ. ನಮ್ಮವರಿಗೆ ಬೇಸಾಯದ ಹುಚ್ಚು. ಇಬ್ಬರೂ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಅದಲುಬದಲು ಮಾಡಿಕೊಂಡರು. ನಾನು ಪತ್ರದ ಮಾತೆತ್ತಿದರೆ, “ಅಣ್ಣತಮ್ಮಂದ್ರ ನಡುವ ಕಾಗ್ದ ಯಾತಕ್ಕ, ಸುಮ್ನಿರು” ಎಂದರು ನಮ್ಮವರು. ಆಮೇಲೆ ಪ್ರತಿ ಭಾನುವಾರವೂ ಬಸ್ಸು ಹಿಡಿದು ಹೋಗಿ ಬಾವಿಹೊಲದಲ್ಲಿ ಬೆವರು ಸುರಿಸಿದರು. ಹೋದ ವರ್ಷ, ನಮ್ಮ ಜನರ ಪದ್ಧತಿಯಂತೆ, ಅಲ್ಲಿಯೇ ಅವರನ್ನು ಹೂತೆವು. ಪಕ್ಕದಲ್ಲಿ ನನಗೂ ಜಾಗ ಬಿಟ್ಟೆವು.

ಮಕ್ಕಳಿಲ್ಲದ ನನ್ನ ಹೆಸರಿಗೆ ಖಾತೆ ಮಾಡಿಕೊಡಲು ಗುಂಡ್ಲುಪೇಟೆಯ ಕಚೇರಿಯವರು ಸತಾಯಿಸಲಿಲ್ಲ, ಅನ್ಯಾಯವನ್ನೂ ಮಾಡಲಿಲ್ಲ. ಪತ್ರದಲ್ಲಿದ್ದ ಬೋರೆಯನ್ನೇ ಕೊಟ್ಟರು. ಬಾವಿಹೊಲ ತನ್ನದೆಂದು ಮೈದುನನಿಗೂ ಆಗಲೇ ಜ್ಞಾನೋದಯವಾಗಿ, ಶುಂಠಿ ಬೆಳೆಯುವ ಕೇರಳದವರಿಗೆ ಅದನ್ನು ಮಾರಲು ಒಪ್ಪಿಕೊಂಡುಬಿಟ್ಟ.

“ನಾನೇನ್ ಕಿತ್ಕತ್ತಿಲ್ಲ ಅತ್ಗೆ, ಕಾಗ್ದದಲ್ಲಿ ಇರದೇ ಅಂಗೆ. ಸಮಾಧಿ ಇದ್ರ ಅವ್ರು ತಕ್ಕಳಲ್ಲ. ಅಣ್ಣನ್ನ ನಿಮ್ ಹೊಲಕ್ಕ ತಕ್ಕೊಂಡೋಗ್ಬುಡಿ” ಎಂದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳೆಂದು ಹೇಳಲಾರೆ. ಆದರೂ ಮನಸ್ಸಿನಲ್ಲೇ ಅವನನ್ನು ಶಪಿಸಿದೆ. ಮಣ್ಣಲ್ಲಿ ಮಲಗಿದ ಪುಣ್ಯಾತ್ಮನನ್ನೂ ಬಿಡದೆ ಬಯ್ದೆ. ನೀವೇ ಹೇಳಿ, ಇನ್ಯಾರನ್ನು ಬಯ್ಯಲಿ?

ನಿನ್ನೆ ಆಳೊಬ್ಬನನ್ನು ಕರೆದುಕೊಂಡು ಬೋರೆಗೆ ಹೋದೆ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಹಾರೆ ಠಣ್ಣೆಂದಿತು. ಜಾಗ ಬದಲಿಸಿ ಅಗೆದ. ಅಲ್ಲಿಯೂ ಅದೇ ಸದ್ದು. ಮೂಲೆಮೂಲೆಯಲ್ಲೂ ನೋಡಿ, ಬೆವರು ಒರೆಸಿಕೊಂಡು, “ಇದು ಒಂದೇ ಬಂಡ ಕಣವ್ವ, ಮೇಲ ಒಸಿ ಮಣ್ಣದ ಅಷ್ಟೇಯ. ಇಲ್ಲಿ ಯಾರ್ನೂ ಊಣಕ್ಕಾಗಲ್ಲ” ಎಂದ.

ಖಾತೆಯೇನೋ ನನ್ನ ಹೆಸರಿಗಿದೆ. ಅವರನ್ನು ಎಲ್ಲಿಡಲಿ, ನಾಳೆ ನನ್ನನ್ನು ಎಲ್ಲಿಡುತ್ತಾರೆ, ಒಂದೂ ಗೊತ್ತಿಲ್ಲ. ಸೋಮವಾರ ಬಾವಿಹೊಲಕ್ಕೆ ಜೆಸಿಬಿ ಬರುತ್ತದೆ.