ಅಂಕಿ ನಿಲ್ಲುವಷ್ಟು ಹೊತ್ತು

ತೂಕದ ಪ್ರಯೋಗಾಲಯದಲ್ಲಿ ಅವರಿಗೆ ಗ್ರಾಂ ಮೇಡಂ ಎಂದೇ ಹೆಸರು. ಅದೂ ಬೆನ್ನ ಹಿಂದೆ. ಎದುರಿಗೆ ಬರೀ ಮೇಡಂ. ಔಷಧಿ ಕಾರ್ಖಾನೆಯವರು, ಆಸ್ಪತ್ರೆಯವರು ತಮ್ಮ ತೂಕದ ಬಟ್ಟುಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿಸಿ ಅಲ್ಲಿಗೆ ಕಳಿಸುತ್ತಿದ್ದರು. ಮೇಡಂ ತೂಗಿ ನೋಡಿ, ಸರಿಯಿದೆ ಎಂದು ಸಹಿ ಹಾಕಿದರೆಂದರೆ ಆಮೇಲೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ.

ಕಣ್ಣಿಗೆ ಕಾಣದ ಧೂಳಿಗೂ ಅಲುಗುವ ತಕ್ಕಡಿ ಅದು. ಸುತ್ತ ಗಾಜಿನ ಗೂಡು. ಬಾಗಿಲು ಸರಿಸಿ, ಚಿಮಟದಲ್ಲಿ ಹಿಡಿದು ಬಟ್ಟು ಇಟ್ಟು, ಮುಚ್ಚಿ, ಒಳಗಿನ ಗಾಳಿ ಸುಮ್ಮನಾಗಿ ಪರದೆಯ ಮೇಲಿನ ಅಂಕಿ ನಿಲ್ಲುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಮೇಡಂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ ಎಂದುಕೊಂಡು ಉಳಿದವರು ಉಸಿರು ಬಿಗಿಹಿಡಿಯುತ್ತಿದ್ದರು. ಲೆಕ್ಕವೂ ಇಲ್ಲ, ಮಣ್ಣೂ ಇಲ್ಲ. ಅವರು ಪ್ರಾರ್ಥನೆ ಮಾಡುತ್ತಿದ್ದರು.

ಅದನ್ನು ಯಾರ ಮುಂದಾದರೂ ಬಾಯಿ ಬಿಡುವುದುಂಟೇ? ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾರೋ ತಕ್ಕಡಿಯ ಹಿಂದೆ ದೇವರ ಚಿತ್ರ ಸಿಕ್ಕಿಸಿದ್ದನ್ನು ಕಂಡು, 'ತಕ್ಕಡಿಗೆ ಭಕ್ತಿ ಗೊತ್ತಾಗಲ್ಲ, ಧೂಳು ಗೊತ್ತಾಗುತ್ತೆ. ಮೊದಲು ತೆಗೀರಿ' ಎಂದು ಎಲ್ಲರೆದುರು ಜಾಡಿಸಿದ್ದರು. ಅಂದಿನಿಂದ ಅವರು ಪಕ್ಕಾ ನಾಸ್ತಿಕರು ಎಂಬ ಕೀರ್ತಿ. ಆ ಕೀರ್ತಿಯನ್ನು ಅವರೂ ಹಾಯಾಗಿ ಅನುಭವಿಸಿದರು. ವಿಜ್ಞಾನಿ ಎಂದರೆ ಹೀಗಿರಬೇಕಪ್ಪಾ ಎಂದು ಜನ ಹೊಗಳುವಾಗ ಬೇಡ ಎನ್ನಲು ಯಾರಿಗೆ ಮನಸ್ಸು ಬರುತ್ತದೆ?

ಪ್ರಾರ್ಥನೆ ಅಮ್ಮ ಕಲಿಸಿದ್ದು. ಅಮ್ಮನನ್ನು ಚೆನ್ನಾಗಿಡು, ಅಣ್ಣನನ್ನು ಚೆನ್ನಾಗಿಡು, ಅತ್ತಿಗೆಯನ್ನು, ಮಗಳನ್ನು ಎಂದು ಒಬ್ಬೊಬ್ಬರನ್ನೇ ಒಪ್ಪಿಸಿ, ಕೊನೆಗೆ ನನ್ನ ಕೈಯಲ್ಲಿ ತಪ್ಪಾಗದಿರಲಿ ಎಂದು ಮುಗಿಸುವಂಥದು. ಅಣ್ಣ ಲಾರಿ ಮೆಕ್ಯಾನಿಕ್, ಅಪ್ಪ ಹೋದ ಮೇಲೆ ತಂಗಿಯನ್ನು ಓದಿಸಿದವನು. ಈ ಗುಟ್ಟು ಗೊತ್ತಿದ್ದದ್ದು ಅವನೊಬ್ಬನಿಗೇ. ಸ್ವತಃ ದೇವರ ಗೊಡವೆಗೆ ಹೋದವನಲ್ಲ. 'ಅಷ್ಟೆಲ್ಲ ಓದಿ ನೀನು ಪ್ರಾರ್ಥನೆ ಮಾಡ್ತೀಯ, ಏಳನೇ ಕ್ಲಾಸಲ್ಲಿ ಫೇಲಾಗಿ ನಾನು ಮಾಡಲ್ಲ. ಎಲ್ಲೋ ಅದಲು ಬದಲಾಗಿದೆ ಕಣೇ' ಎಂದು ನಗುತ್ತಿದ್ದ. ಆಮೇಲೆ, 'ಹೇಗೂ ಕೇಳ್ತೀಯಲ್ಲ, ನನ್ನ ಹೆಸರು ಮಾತ್ರ ಬಿಡಬೇಡ' ಎನ್ನುತ್ತಿದ್ದ.

ಆ ಅಣ್ಣ ಆಸ್ಪತ್ರೆಯಲ್ಲಿ ಮಲಗಿದ. ಮೇಡಂ ಹೊರಗಿನ ಬೆಂಚಿನಲ್ಲಿ ಕೂತು, ಹುಟ್ಟಿದಾಗಿನಿಂದ ಮಾಡಿದ್ದನ್ನೆಲ್ಲ ಸೇರಿಸಿದರೂ ಸಾಟಿಯಾಗದಷ್ಟು ಪ್ರಾರ್ಥನೆ ಮಾಡಿದರು. ಅವನು ಉಳಿಯಲಿಲ್ಲ. ಕೇಳಿಸಿಕೊಳ್ಳದವರ ಹತ್ತಿರ ಇನ್ನೇನು ಮಾತು ಎಂದು ಅವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ಕೆಲಸಕ್ಕೆ ಮರಳಿದ ಮೇಲೆ ಬಟ್ಟು ಇಡುವುದು, ಅಂಕಿ ನೋಡುವುದು, ಬರೆಯುವುದು, ಅಷ್ಟೇ. ಕೈ ಚುರುಕಾಗಿದೆ ಎಂದು ಮುಖ್ಯಸ್ಥರು ಶಹಬ್ಬಾಸ್ ಬೇರೆ ಹೇಳಿದರು.

ಕೆಲವು ತಿಂಗಳಿಗೆ ತಪಾಸಣೆ ಬಂತು. ತಪಾಸಣಾಧಿಕಾರಿ ಒಂದು ಬಟ್ಟು ತಂದಿದ್ದರು. ಅದರ ನಿಜವಾದ ತೂಕ ಅವರೊಬ್ಬರಿಗೇ ಗೊತ್ತು. ಮೇಡಂ ತೂಗಿದ್ದು ಕೂದಲೆಳೆಯಷ್ಟು ಹೆಚ್ಚು ಬಂತು. ಮತ್ತೆ ತೂಗಿದರೂ ಹೆಚ್ಚೇ. 'ಕಾರಣ ಹುಡುಕಿಡಿ, ಮುಂದಿನ ವಾರ ಬರ್ತೀನಿ. ಸಿಗದೇ ಹೋದ್ರೆ ನೀವಿನ್ನು ಸಹಿ ಹಾಕೋ ಹಾಗಿಲ್ಲ' ಎಂದು ಹೋದರು.

ಮೇಡಂ ಕೂತಲ್ಲಿ ಕೂರಲಿಲ್ಲ. ಏಸಿ ಬಿಚ್ಚಿಸಿದರು. ಕಿಟಕಿಯ ಸಂದಿಗೆ ಟೇಪು ಅಂಟಿಸಿದರು. ಹೊರಗೆ ಲಾರಿ ಹೋದರೆ ನೆಲ ಅದುರುತ್ತದೆಯೇ ಎಂದು ಅಂಗೈ ಊರಿ ಕೂತರು. ಮನೆಯಲ್ಲಿ ತಟ್ಟೆಯ ಮುಂದೆ ಕೂತವರು ಎದ್ದುಹೋಗಿ ಅಧಿಕಾರಿಗೆ ಕೊಡಬೇಕಾದ ವರದಿಯ ಕರಡು ತಿದ್ದಿದರು, ಮಗಳು ಕರೆದರೆ ಏನು ಏನು ಎಂದು ರೇಗಿದರು. ಸಹಿಯಿಲ್ಲದ ಗ್ರಾಂ ಮೇಡಂ ಎಂದರೆ ಯಾರು? ಅದನ್ನು ಯೋಚಿಸಲೂ ಅವರಿಗೆ ಭಯ.

ಕೊನೆಗೆ ಪಕ್ಕದ ಮೇಜಿನಲ್ಲಿ ಥರ್ಮಾಮೀಟರು ಪರೀಕ್ಷಿಸುವವರು, ಕುಶಾಲಿನ ಮನುಷ್ಯ, ಮಾತಿಗೆ ಮಾತು ಬಂದು ಹೇಳಿದರು: 'ಏಸಿದು ಬಿಡಿ ಮೇಡಂ. ಮೊದಲು ನೀವು ತೂಗೋವಾಗ ನಾನು ಒಂದು ನಿದ್ದೆ ತೆಗೀಬಹುದಿತ್ತು. ಈಗ ಆಕಳಿಸೋದ್ರೊಳಗೆ ಮುಗಿಸ್ತೀರಿ. ಕಣ್ಣು ಮುಚ್ಚೋದನ್ನೇ ಬಿಟ್ರಲ್ಲ?'

ಮೇಡಂಗೆ ಆಗ ಹೊಳೆಯಿತು. ಅಂಕಿ ನಿಂತಿದೆ ಎಂದು ಯಂತ್ರ ತೋರಿಸಿದ ಮೇಲೂ ಅದು ಸದ್ದಿಲ್ಲದೆ ಜರುಗುತ್ತಿರುತ್ತದೆ. ಇಷ್ಟು ವರ್ಷ ಅದು ಪೂರ್ತಿ ನಿಲ್ಲುವವರೆಗೆ ಅವರನ್ನು ಕಾಯಿಸಿದ್ದು ಆ ಪ್ರಾರ್ಥನೆ.

ವಾರದ ಮೇಲೆ ತಪಾಸಣಾಧಿಕಾರಿಯ ಮುಂದೆ, ಮುಖ್ಯಸ್ಥರೂ ಇದ್ದಾಗ, 'ಮೊದಲು ಹೆಚ್ಚು ಹೊತ್ತು ಕಾಯ್ತಿದ್ದೆ ಸರ್' ಎಂದರು.

'ಎಷ್ಟು ಹೊತ್ತು? ಗಡಿಯಾರ ನೋಡ್ತಿದ್ರಾ?'

'ಇಲ್ಲ.'

'ಎಣಿಸ್ತಿದ್ರಾ? ಎಷ್ಟರವರೆಗೆ?'

ಒಂದು ಸಂಖ್ಯೆ ಹೇಳಿದ್ದರೆ ಆಗುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಅಳತೆಯ ವಿಷಯದಲ್ಲಿ ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ. 'ಪ್ರಾರ್ಥನೆ ಮಾಡ್ತಿದ್ದೆ' ಎಂದರು. 'ಈಗ ಬಿಟ್ಟಿದ್ದೀನಿ. ಅದಕ್ಕೇ ತಪ್ಪಿದೆ.'

ಮುಖ್ಯಸ್ಥರು ನಗು ಮರೆಸಲು ಕನ್ನಡಕ ಒರೆಸತೊಡಗಿದರು. ಅಧಿಕಾರಿ ಮಾತ್ರ ನಗಲಿಲ್ಲ. 'ಆಗಲಿ. ಅದೇ ಕಾರಣ ಅಂತ ತೋರಿಸಬೇಕಲ್ಲ. ಐದು ಸಲ ತೂಗಿ. ಮೊದಲಿನ ಹಾಗೇ, ಒಂದು ಮಾತೂ ಬಿಡಬೇಡಿ. ನಾನು ಹೊತ್ತು ನೋಡ್ತೀನಿ.'

ಮೇಡಂ ಬಟ್ಟು ಇಟ್ಟು, ಬಾಗಿಲು ಮುಚ್ಚಿ, ಕಣ್ಣು ಮುಚ್ಚಿದರು. ಅಮ್ಮನನ್ನು ಚೆನ್ನಾಗಿಡು. ಮುಂದಿನದು ಅಣ್ಣ. ಅವನನ್ನು ಬಿಟ್ಟರೆ ಹೊತ್ತು ಕಡಿಮೆಯಾಗುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಇಲ್ಲದವನನ್ನು ಚೆನ್ನಾಗಿಡು ಎಂದು, ಕೇಳಿಸಿಕೊಳ್ಳದವನ ಹತ್ತಿರ, ಕೆಲಸ ಉಳಿಸಿಕೊಳ್ಳಲು ಕೇಳಬೇಕು. ಅವರಿಗೆ ಮೈಯೆಲ್ಲ ಉರಿಯಿತು. ಆದರೂ ಹಲ್ಲು ಕಚ್ಚಿ ಹೇಳಿದರು. ಕಣ್ಣು ತೆರೆದು ಅಂಕಿ ಓದಿದರು. ಅಧಿಕಾರಿ ತಲೆಯಾಡಿಸಿದರು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎರಡನೇ ಸಲವೂ, ಮೂರನೇ ಸಲವೂ, ನಾಲ್ಕನೇ ಸಲವೂ ಹಾಗೆಯೇ, ಬರೀ ಪಾಠ ಒಪ್ಪಿಸಿದಂತೆ.

ಐದನೇ ಸಲ ಕಣ್ಣು ಮುಚ್ಚಿದವರು ಬೇಗ ತೆರೆಯಲಿಲ್ಲ. ಮುಖ್ಯಸ್ಥರು ಕೆಮ್ಮಿದರು. ಮೇಡಂ ಕೊನೆಗೂ ಕಣ್ಣು ತೆರೆದು, ಸೆರಗಿನ ತುದಿಯಿಂದ ಮುಖ ಒತ್ತಿಕೊಂಡು, ಅಂಕಿ ಓದಿದರು. ಅದೂ ಸರಿಯಾಗಿತ್ತು.

'ಕಾರಣ ಸಿಕ್ಕಿತು. ಇನ್ನು ಗಡಿಯಾರ ಇಟ್ಟುಕೊಂಡೇ ಓದಿ. ಈ ತಿಂಗಳುಗಳಲ್ಲಿ ತೂಗಿದ್ದನ್ನೆಲ್ಲ ತರಿಸಿ ಮತ್ತೆ ತೂಗಿ, ಸಹಿ ನಿಮ್ಮದೇ ಇರಲಿ' ಎಂದರು ಅಧಿಕಾರಿ. ಆಮೇಲೆ ಗಡಿಯಾರದ ಕಡೆ ನೋಡಿ, 'ನಾಲ್ಕು ಸಲ ಹೆಚ್ಚು ಕಡಿಮೆ ಒಂದೇ ಹೊತ್ತು. ಐದನೇದು ಯಾಕೆ ಇಷ್ಟು ಉದ್ದ ಆಯ್ತು?' ಎಂದು ಕೇಳಿದರು.

'ಅದನ್ನ ಲೆಕ್ಕಕ್ಕೆ ಹಿಡೀಬೇಡಿ ಸರ್' ಎಂದರು ಮೇಡಂ. 'ಅದು ಅಳತೆಗೋಸ್ಕರ ಹೇಳಿದ್ದಲ್ಲ.'